ಕಾದಂಬರಿಗೆ ಹೆಸರು, ಕೃಷಿಗೆ ಸಂಖ್ಯೆ: ಪುಟ್ಟ ಗ್ರಂಥಾಲಯದ ಜೋಡಣೆ

ಕೇಳುಗರಿಗೆ ನಮಸ್ಕಾರ.

ಬಡಾವಣೆಯ ಸಂಘದ ಕೋಣೆಯಲ್ಲೋ ಊರಿನ ಯುವಕ ಮಂಡಳದ ಕಟ್ಟಡದಲ್ಲೋ ಸುಮಾರು 300 ಪುಸ್ತಕ ಸೇರಿವೆ ಎಂದಿಟ್ಟುಕೊಳ್ಳಿ. ಕಾದಂಬರಿ, ಅಡುಗೆ, ಅಡಿಕೆ ಬೆಳೆ, ಆತ್ಮಕಥೆ, ಆಕಾಶ ವೀಕ್ಷಣೆ, ವಚನ, ಎಲ್ಲವೂ ಒಂದರ ಮೇಲೊಂದು ಬಿದ್ದಿವೆ. ಇವನ್ನು ಕಪಾಟಿಗೆ ಏರಿಸುವುದು ಹೇಗೆ?

ಮೊದಲು ಎರಡು ರಾಶಿ ಮಾಡಿ: ಕಥೆ, ಕಾದಂಬರಿ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. ಎರಡಕ್ಕೂ ಒಂದೇ ನಿಯಮ ಹಚ್ಚಿದರೆ ಕೆಲಸ ಕೆಡುತ್ತದೆ. ಕಾದಂಬರಿ ಓದುವವರು ಲೇಖಕರ ಹೆಸರು ಹಿಡಿದು ಬರುತ್ತಾರೆ. ಕಾಳುಮೆಣಸಿನ ರೋಗಕ್ಕೆ ಪರಿಹಾರ ಬೇಕಾದವರಿಗೆ ಬರೆದವರು ಯಾರಾದರೇನು, ವಿಷಯ ಸಿಕ್ಕರೆ ಸಾಕು.

ವಿಷಯದ ಪುಸ್ತಕಗಳಿಗೆ, ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ ಕೊಡುವ, 1876ರಲ್ಲಿ ಬಂದ ಡ್ಯೂಯಿ ದಶಾಂಶ ಪದ್ಧತಿಯ ಮೂರು ಅಂಕಿಗಳಷ್ಟೇ ಸಾಕು. 500 ವಿಜ್ಞಾನ, 580 ಸಸ್ಯಗಳು, 630 ಕೃಷಿ, 641 ಅಡುಗೆ, 780 ಸಂಗೀತ, 792 ರಂಗಭೂಮಿ. ದಶಾಂಶ ಬಿಂದುವಿನ ಆಚೆಗೆ ಹೋಗಬೇಡಿ, ಕರ್ನಾಟಕದ ಇತಿಹಾಸವೊಂದನ್ನು ಬಿಟ್ಟು. ಅದಕ್ಕೆ 954.87 ಎಂದೇ ಹಾಕಿ, ಯಾಕೆಂದರೆ ಬರೀ 954 ಇಡೀ ಭಾರತದ್ದು. ಕಾದಂಬರಿಗೆ ಮಾತ್ರ ಈ ಸಂಖ್ಯೆ ಬೇಡ. ಡ್ಯೂಯಿ ಪ್ರಕಾರ ಹೋದರೆ ನಿಮ್ಮಲ್ಲಿರುವ ಕನ್ನಡ ಕಾದಂಬರಿಗಳೆಲ್ಲವೂ 894.814ರಲ್ಲೇ ಶುರುವಾಗುತ್ತವೆ. ನೂರು ಪುಸ್ತಕದ ಬೆನ್ನಿಗೂ ಒಂದೇ ಸಂಖ್ಯೆ ಅಂಟಿಸಿ ಏನು ಪ್ರಯೋಜನ?

ಹಾಗಾಗಿ ಕಾದಂಬರಿಯ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ ಲೇಖಕರ ಹೆಸರಿನ ಮೊದಲ ಎರಡು ಅಕ್ಷರ, ಅದರ ಕೆಳಗೆ ಶೀರ್ಷಿಕೆಯ ಮೊದಲ ಅಕ್ಷರ. 'ಚೋಮನ ದುಡಿ'ಗೆ ಮೇಲೆ 'ಕಾರಂ', ಕೆಳಗೆ 'ಚೋ'. ಸುಲಭವೆನಿಸುತ್ತದೆ, ಆದರೆ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಹೆಸರಿನ ಕೊನೆಯ ಪದವನ್ನೇ ಹಿಡಿಯುವ ಪದ್ಧತಿ ನಮ್ಮ ಹೆಸರುಗಳಿಗೆ ಒಗ್ಗುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಕತೆಗಳನ್ನು 'ಅ' ಸಾಲಿನಲ್ಲಿ ಯಾರು ಹುಡುಕುತ್ತಾರೆ? ಜನ ಕರೆಯುವ ಹೆಸರೇ ಕಪಾಟಿನ ಹೆಸರಾಗಲಿ. ಮಾಸ್ತಿ ಮಕಾರಕ್ಕೆ, ಭೈರಪ್ಪ ಭಕಾರಕ್ಕೆ, ತೇಜಸ್ವಿ ತಕಾರಕ್ಕೆ. ಹೊದಿಕೆಯ ಮೇಲೆ ಕೆ.ವಿ. ಪುಟ್ಟಪ್ಪ ಎಂದಿದ್ದರೂ ಚೀಟಿಯಲ್ಲಿ 'ಕುವೆಂ'. ಇನ್ನೊಂದು ತಕರಾರು ಅನುಸ್ವಾರದ್ದು: ಕಂಬಾರರು ಕಕಾರದ ಸಾಲಿನ ತಲೆಯಲ್ಲಿರಬೇಕೋ, 'ಕೌ' ಮುಗಿದ ಮೇಲೋ? ಯಾವುದಾದರೂ ನಡೆಯುತ್ತದೆ. ಒಂದನ್ನು ಗೊತ್ತುಮಾಡಿ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಮುಂದಿನ ವರ್ಷ ಕಪಾಟು ನೋಡಿಕೊಳ್ಳುವವರು ಬೇರೆಯವರಿರಬಹುದು.

ಜೀವನಚರಿತ್ರೆಗೆ ಪ್ರತ್ಯೇಕ ಸಾಲು ಮಾಡಿ. ಅಲ್ಲಿ ಬರೆದವರ ಹೆಸರಲ್ಲ, ಯಾರ ಬದುಕೋ ಅವರ ಹೆಸರು ಚೀಟಿಗೆ. ಆಗ ಗಾಂಧೀಜಿಯವರ ಬಗ್ಗೆ ಐವರು ಬರೆದ ಐದು ಪುಸ್ತಕವೂ ಪಕ್ಕಪಕ್ಕ ಬರುತ್ತವೆ.

ಧರ್ಮದ ವಿಭಾಗದಲ್ಲಿ ಡ್ಯೂಯಿ ನಮಗೆ ಅಷ್ಟು ಅನುಕೂಲವಲ್ಲ. 220ರಿಂದ 280ರವರೆಗಿನ ಜಾಗವೆಲ್ಲ ಬೈಬಲ್ಲಿಗೆ, ಕ್ರೈಸ್ತ ಧರ್ಮಕ್ಕೆ. ಹಿಂದೂ, ಬೌದ್ಧ, ಜೈನ ಮೂರೂ 294ರಲ್ಲೇ ಇಕ್ಕಟ್ಟಿನಲ್ಲಿ ಕೂರಬೇಕು. ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1933ರಲ್ಲಿ ಬೇರೆಯದೇ ಆದ ಕೋಲನ್ ಪದ್ಧತಿ ತಂದರು, 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ಕೋಲನ್ ಜಾಣ ಪದ್ಧತಿ, ಆದರೆ 300 ಪುಸ್ತಕಕ್ಕೆ ಅಷ್ಟು ಬೇಕಿಲ್ಲ. ವಚನ, ಕೀರ್ತನೆಗಳನ್ನು 294ಕ್ಕೆ ತುರುಕದೆ ಕಾವ್ಯದ ಜೊತೆಗಿಡಿ. ಓದುಗರು ಅಲ್ಲೇ ಹುಡುಕುತ್ತಾರೆ.

ಇನ್ನು ಎರಡೂ ಕಡೆ ಸಲ್ಲುವವರು. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯ ಸಾಲಿಗೆ, 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಜೀವನಚರಿತ್ರೆಗೆ, ಯಕ್ಷಗಾನದ ಗ್ರಂಥ 792ಕ್ಕೆ, 'ಬಾಲಪ್ರಪಂಚ' ಮಕ್ಕಳ ಕಪಾಟಿಗೆ. ಒಬ್ಬರೇ ಲೇಖಕರು ನಾಲ್ಕು ಕಡೆ ಹಂಚಿಹೋದರು. ಎಲ್ಲವನ್ನೂ ಒಟ್ಟಿಗೆ ತರುವ ಆಸೆಯಾಗುತ್ತದೆ. ತಂದರೆ ಯಕ್ಷಗಾನ ಹುಡುಕಿ ಬಂದವರು ಬರಿಗೈಯಲ್ಲಿ ಹೋಗುತ್ತಾರೆ. ಬದಲಿಗೆ ಪುಸ್ತಕದಷ್ಟೇ ಎತ್ತರದ ರಟ್ಟಿನ ತುಂಡೊಂದನ್ನು ಕಾರಂತರ ಕಾದಂಬರಿಗಳ ಕೊನೆಗೆ ನಿಲ್ಲಿಸಿ, ಉಳಿದ ಪುಸ್ತಕಗಳು ಎಲ್ಲೆಲ್ಲಿವೆ ಎಂದು ಅದರ ಮೇಲೆ ಬರೆಯಿರಿ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 580ರಲ್ಲಿ ಕುಳಿತರೆ ಹಾಸ್ಯ, ಪ್ರಬಂಧ ಮೆಚ್ಚುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೂ ಪ್ರಬಂಧದ ಸಾಲಿನಲ್ಲಿ ಇಂಥದೇ ಒಂದು ರಟ್ಟು.

ಚೀಟಿಯನ್ನು ಬೆನ್ನಿನ ಬುಡದಿಂದ ಒಂದು ಅಂಗುಲ ಮೇಲೆ, ಎಲ್ಲ ಪುಸ್ತಕಕ್ಕೂ ಒಂದೇ ಮಟ್ಟದಲ್ಲಿ ಅಂಟಿಸಿ. ಅರವತ್ತು ಪುಟದ ತೆಳು ಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ; ಮುಖಪುಟದ ಎಡ ಕೆಳಮೂಲೆಗೆ ಹಚ್ಚಿ. ಸೆಲ್ಲೋ ಟೇಪ್ ಬೇಡ. ಕೆಲವು ವರ್ಷಕ್ಕೆ ಹಳದಿಯಾಗಿ ಚೀಟಿ ಕಳಚುತ್ತದೆ, ಅಂಟು ಮಾತ್ರ ಹೊದಿಕೆಯ ಮೇಲೆ ಉಳಿಯುತ್ತದೆ.

ಮೂರು ಅಡಿಯ ಹಲಗೆಗೆ ಸಾಧಾರಣ ದಪ್ಪದ 40 ಪುಸ್ತಕ ಹಿಡಿಸಬಹುದು. ನೀವು 30ಕ್ಕೆ ನಿಲ್ಲಿಸಿ. ಹೊಸ ಕೃಷಿ ಪುಸ್ತಕ ಬಂದರೆ ಅದು ಸಾಲಿನ ಕೊನೆಗೆ ಹೋಗುವುದಿಲ್ಲ, 630ರ ನಡುವೆ ತೂರಬೇಕು. ಜಾಗವಿಲ್ಲದಿದ್ದರೆ ಇಡೀ ಕಪಾಟನ್ನು ಸರಿಸುವ ಕೆಲಸ. ಈ ಲೆಕ್ಕದಲ್ಲಿ 300 ಪುಸ್ತಕಕ್ಕೆ ಹತ್ತು ಹಲಗೆ, ಅಂದರೆ ಐದೈದು ಹಲಗೆಯ ಎರಡು ಕಪಾಟು. ಮೂರು ಅಡಿಗಿಂತ ಉದ್ದದ ಹಲಗೆಗೆ ನಡುವೆ ಆಸರೆ ಕೊಡಿ, ಇಲ್ಲದಿದ್ದರೆ ಬಾಗುತ್ತದೆ.

ದಾಖಲೆ ಪುಸ್ತಕದಲ್ಲಿ ಪ್ರತಿ ಪ್ರತಿಗೂ ಒಂದು ಕ್ರಮಸಂಖ್ಯೆ, ಬಂದ ದಿನಾಂಕ, ಬೆಲೆ, ಕೊಟ್ಟವರ ಹೆಸರು ಇರಲಿ. ಕಳೆದುಹೋದ ಪುಸ್ತಕದ ಸಂಖ್ಯೆಯನ್ನು ಹೊಸದಕ್ಕೆ ಕೊಡಬೇಡಿ. ಹಳೆಯದು ವಾಪಸು ಬಂದ ದಿನ ಒಂದೇ ಸಂಖ್ಯೆಗೆ ಎರಡು ಪುಸ್ತಕವಾಗುತ್ತದೆ. ಎರಡು ವರ್ಷದಿಂದ ಯಾರೂ ಒಯ್ಯದ ಪುಸ್ತಕ ಕಂಡರೆ ರದ್ದಿಗೆ ಹಾಕುವ ಮೊದಲು ಅದರ ಚೀಟಿ ನೋಡಿ. ತಪ್ಪು ಸಾಲಿನಲ್ಲಿ ಕೂತಿರಬಹುದು.

ನಮಸ್ಕಾರ.