ಈ ರಜೇಲಿ "ಕಥೆ ನೀತಿ ಏನು" ಅಂತ ಕೇಳೋದು ಬಿಟ್ಬಿಡೋಣ್ವಾ?

ನಮಸ್ಕಾರ ಎಲ್ರಿಗೂ. ಬೇಸಿಗೆ ರಜೆ ಬಂತು, ಮಕ್ಕಳಿರೋ ಮನೆ ಯಾವ್ದು ಅಂತ ಆ ಅಪ್ಪ ಅಮ್ಮನ ಮುಖ ನೋಡಿದ್ರೇನೇ ಗೊತ್ತಾಗತ್ತೆ. ಎರಡನೇ ದಿನಕ್ಕೇ "ಬೋರಾಗ್ತಿದೆ" ಅನ್ನೋ ಜಪ ಶುರು, ಮೂರನೇ ದಿನಕ್ಕೆ ನಮ್ಮದೂ ಶುರು, "ಸುಮ್ನೆ ಒಂದ್ಕಡೆ ಕೂತು ಪುಸ್ತಕನಾದ್ರೂ ಓದಬಾರ್ದಾ" ಅಂತ. ಅದನ್ನ ಹೇಳುವಾಗ ನಮ್ಮ ಕೈಲಿ ಏನಿರತ್ತೆ ಅಂತ ನಾನು ಹೇಳಲ್ಲ, ನಿಮಗೇ ಗೊತ್ತು.

ಮಕ್ಕಳು ಯಾಕ್ರೀ ಓದಲ್ಲ ಅಂದ್ರೆ ಎಲ್ರೂ ಮೊಬೈಲ್ ಕಡೆ ಬೆರಳು ತೋರಿಸ್ತಾರೆ. ಇರಬಹುದು, ಅದರದ್ದೂ ಪಾಲಿದೆ, ನಾನೇನೂ ಮೊಬೈಲ್ ಪರ ವಕಾಲತ್ತು ಹಾಕಕ್ಕೆ ಬಂದಿಲ್ಲ. ಆದ್ರೆ ನನ್ನ ಅನುಮಾನ ಇನ್ನೊಬ್ಬರ ಮೇಲಿದೆ. ನನ್ನ ಮೇಲೇ.

ಹೋದ ವರ್ಷ ರಜೇಲಿ ನಡೆದಿದ್ದು. ನನ್ನ ಮಗಳು, ಎಂಟು ವರ್ಷ, ನೆಲದ ಮೇಲೆ ಬೋರಲು ಮಲಗಿ ಕಾಲು ಆಡಿಸ್ಕೊಂಡು ಏನೋ ಕಥೆ ಓದ್ತಿದ್ಲು, ಒಬ್ಬೊಬ್ಬಳೇ ಕಿಸಿಕಿಸಿ ನಗ್ತಿದ್ಲು. ಎಷ್ಟು ಖುಷಿ ಪಡ್ಬೇಕಾದ ದೃಶ್ಯ ನೋಡಿ, ಸುಮ್ನೆ ಹೋಗ್ಬಹುದಿತ್ತಲ್ವಾ ನಾನು, ಹೋಗ್ಲಿಲ್ಲ. ಪಕ್ಕದಲ್ಲಿ ಕೂತೆ. "ಏನೋದ್ತಿದೀಯ ಪುಟ್ಟಿ, ಹೇಳು ನೋಡೋಣ" ಅಂದೆ. ಪಾಪ, ಹುರುಪಲ್ಲಿ ಹೇಳಕ್ಕೆ ಶುರು ಮಾಡಿದ್ಲು, ಒಂದು ಕತ್ತೆ ಇರತ್ತಂತೆ ಅದಕ್ಕೆ ಹಾಡೋ ಆಸೆಯಂತೆ ಅಂತ. ನಾನು ಮಧ್ಯದಲ್ಲೇ ಬಾಯಿ ಹಾಕಿ "ಸರಿ, ಈ ಕಥೆಯಿಂದ ನೀನು ಏನ್ ಕಲಿತೆ?" ಅಂದೆ. ಅವಳು ನನ್ನ ಮುಖ ನೋಡಿದ್ಲು, ಥೇಟ್ ಪರೀಕ್ಷೆ ಹಾಲಲ್ಲಿ ಮೇಲ್ವಿಚಾರಕರನ್ನ ನೋಡೋ ಹಾಗೆ. "ಏನಿಲ್ಲಪ್ಪ" ಅಂತ ಪುಸ್ತಕ ಮುಚ್ಚಿ ಎದ್ದು ಹೋದ್ಲು. ಆ ಪುಸ್ತಕ ಮತ್ತೆ ನನ್ನ ಕಣ್ಣಿಗೆ ಬಿದ್ದಿದ್ದು ರಜೆ ಮುಗಿಯೋ ಹೊತ್ತಿಗೆ, ಮಂಚದ ಕೆಳಗೆ ಕಸ ಗುಡಿಸುವಾಗ. ಕತ್ತೆ ಏನಾಯ್ತೋ ಇವತ್ತಿಗೂ ನಂಗೊತ್ತಿಲ್ಲ.

ಈಗ ನಮ್ಮನ್ನೇ ನಾವು ಆ ಜಾಗದಲ್ಲಿ ಇಟ್ಕೊಂಡು ನೋಡೋಣ. ನೀವೊಂದು ಸಿನಿಮಾಗೆ ಹೋಗಿ ಮಜವಾಗಿ ನೋಡ್ಕೊಂಡು ಹೊರಗೆ ಬರ್ತೀರ, ಬಾಗಿಲಲ್ಲಿ ಒಬ್ಬ ನಿಂತಿರ್ತಾನೆ, ಹಾಳೆ ಪೆನ್ನು ಕೊಟ್ಟು "ನಾಯಕನ ಗುಣಸ್ವಭಾವವನ್ನು ಐದು ವಾಕ್ಯಗಳಲ್ಲಿ ವಿವರಿಸಿ, ಆಮೇಲೆ ಗಾಡಿ ತಗೊಂಡು ಹೋಗಿ" ಅಂತಾನೆ. ಮುಂದಿನ ವಾರ ಸಿನಿಮಾಗೆ ಹೋಗ್ತೀರಾ? ಮಕ್ಕಳಿಗೆ ಪ್ರತಿ ಪುಸ್ತಕದ ಬಾಗಿಲಲ್ಲೂ ಹೀಗೇ ನಾವು ನಿಂತಿರ್ತೀವಿ.

ಹಾಗಂತ ರಜೇಲಿ ಓದದೇ ಇದ್ರೂ ನಡೆಯತ್ತೆ ಅಂತ ನಾನು ಹೇಳ್ತಿಲ್ಲ. ರಜೇಲಿ ಮಕ್ಕಳು ಕಲಿತಿದ್ದನ್ನ ಮರೀತಾರಾ ಅನ್ನೋದರ ಬಗ್ಗೆ ತುಂಬಾ ಹಿಂದಿನಿಂದ ಅಧ್ಯಯನ ನಡೆದಿದೆ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತವರ ಜೊತೆಯವರು ಅಮೆರಿಕದಲ್ಲಿ ಅಲ್ಲೀವರೆಗೆ ಬಂದಿದ್ದ 39 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಸರಾಸರಿ ತಗೊಂಡ್ರೆ ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳ್ತಾರೆ ಅಂತ ಬಂತು. ಅದ್ರಲ್ಲಿ ಒಂದು ಸ್ವಾರಸ್ಯ ಏನಂದ್ರೆ, ಲೆಕ್ಕದಲ್ಲಿ ಎಲ್ಲಾ ತರದ ಮನೆ ಮಕ್ಕಳೂ ಹಿಂದೆ ಬಿದ್ದಿದ್ರು, ಆದ್ರೆ ಓದೋದ್ರಲ್ಲಿ ಹಾಗಿಲ್ಲ, ಮಧ್ಯಮ ವರ್ಗದ ಮಕ್ಕಳು ಇದ್ದಲ್ಲೇ ಇದ್ರು ಇಲ್ಲಾ ಚೂರು ಮುಂದೆ ಹೋಗಿದ್ರು, ಕಡಿಮೆ ಆದಾಯದ ಮನೆ ಮಕ್ಕಳು ಹಿಂದೆ ಬಿದ್ರು. ಯಾಕಿರಬಹುದು? ಮನೇಲಿ ಕೂತು ರಜೆಯೆಲ್ಲಾ ಭಾಗಾಕಾರ ಮಾಡೋ ಮಗು ಯಾವ್ದೂ ಇಲ್ಲ, ಆದ್ರೆ ಕೈಗೆಟುಕೋ ಕಡೆ ಪುಸ್ತಕ ಬಿದ್ದಿದ್ರೆ ಎತ್ತಿ ನೋಡೋ ಮಗು ಇರತ್ತೆ, ಪುಸ್ತಕವೇ ಇಲ್ದಿರೋ ಮನೇಲಿ ಅದು ಏನನ್ನ ಎತ್ತಬೇಕು?

ಇನ್ನೊಂದು ಮಾತೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಾನು ಹೆದರಿಸ್ತಿದೀನಿ ಅಂತಾಗತ್ತೆ. ಈ ನಷ್ಟದ ಲೆಕ್ಕದ ಮೇಲೇ ತಕರಾರಿದೆ. 2019ರಲ್ಲಿ ಪಾಲ್ ವಾನ್ ಹಿಪ್ಪೆಲ್ ಅನ್ನೋ ಸಂಶೋಧಕರು ಆ ಹಳೇ ಪರೀಕ್ಷೆಗಳಿಗೆ ಅಂಕ ಹಾಕಿದ ರೀತೀಲೇ ಎಡವಟ್ಟಿದೆ, ಬೇರೆ ಪರೀಕ್ಷೆ ಇಟ್ಕೊಂಡು ನೋಡಿದ್ರೆ ಅಷ್ಟು ದೊಡ್ಡ ನಷ್ಟ ಕಾಣಲ್ಲ ಅಂತ ಬರೆದ್ರು. ಹಾಗಾಗಿ ಯಾರಾದ್ರೂ ನಿಮಗೆ "ರಜೇಲಿ ನಿಮ್ಮ ಮಗು ಎಲ್ಲಾ ಮರೆತುಹೋಗತ್ತೆ, ನಮ್ಮ ಕೋರ್ಸಿಗೆ ಸೇರಿಸಿ" ಅಂತ ಹೆದರಿಸಿದ್ರೆ ಸ್ವಲ್ಪ ನಿಧಾನ ಮಾಡಿ.

ನನಗೆ ತುಂಬಾ ಹಿಡಿಸಿದ ಅಧ್ಯಯನ ಬೇರೆ ಇದೆ. ರಿಚರ್ಡ್ ಆಲಿಂಗ್ಟನ್, ಆನ್ ಮೆಕ್‌ಗಿಲ್ ಫ್ರಾಂಜೆನ್ ಅಂತ ಇಬ್ರು ಮತ್ತವರ ತಂಡ, 2010ರಲ್ಲಿ ಪ್ರಕಟ ಮಾಡಿದ್ದು. ಬಡ ಮನೆಗಳ ಪ್ರೈಮರಿ ಮಕ್ಕಳು, ರಜೆಗೆ ಮುಂಚೆ ಶಾಲೇಲೇ ಪುಸ್ತಕ ಹರಡಿದ್ರು, ಮಕ್ಕಳೇ ಬಂದು ಬೇಕಾದ್ದು ಆರಿಸ್ಕೊಳ್ಳೋದು, ಒಂದು ರಜೆಗೆ 12 ಪುಸ್ತಕ, ಹೀಗೆ ಸತತ ಮೂರು ಬೇಸಿಗೆ, ಪುಸ್ತಕ ಅವರಿಗೇ ಸ್ವಂತ, ವಾಪಸ್ ಕೊಡೋ ಹಾಗಿಲ್ಲ. ಮೂರು ವರ್ಷ ಆದ್ಮೇಲೆ ನೋಡಿದ್ರೆ ಆ ಮಕ್ಕಳು, ಪುಸ್ತಕ ಸಿಗದ ಮಕ್ಕಳಿಗಿಂತ ಓದಿನ ಪರೀಕ್ಷೇಲಿ ಮುಂದಿದ್ರು. ಭಾರೀ ಅಂತರ ಅಲ್ಲ, ಆದ್ರೆ ಬೇಸಿಗೆ ತರಗತಿಗೆ ಕಳಿಸಿದ್ರೆ ಆಗೋ ಉಪಯೋಗಕ್ಕೆ ಸರಿಸಮ. ಮತ್ತೆ ಮಕ್ಕಳು ಯಾವ ಪುಸ್ತಕ ಬಾಚ್ಕೊಂಡ್ರು ಅಂತೀರ? ಮಹಾಪುರುಷರ ಜೀವನಚರಿತ್ರೆ ಅಲ್ಲ, ಪಾಪ್ ಹಾಡುಗಾರರು, ಟಿವೀಲಿ ಬರೋರು, ತಮಾಷೆ ಪುಸ್ತಕಗಳು. ಅಂದ್ರೆ ನಾವು ಕೈಯಿಂದ ಕಿತ್ಕೊಂಡು "ಇದೆಲ್ಲಾ ಓದ್ಬೇಡ, ಒಳ್ಳೇದು ಓದು" ಅಂತೀವಲ್ಲ, ಅಂಥವೇ.

ಈ "ಒಳ್ಳೇದು ಓದು" ಅನ್ನೋದು ಆ ನೀತಿ ಕೇಳೋ ಚಟದ ಅಣ್ಣ. ಕಾಮಿಕ್ಸ್ ಓದಿದ್ರೆ ಅದು ಓದಲ್ಲ, ಕ್ರಿಕೆಟ್ ಸುದ್ದಿ ಓದಿದ್ರೆ ಅದು ಓದಲ್ಲ, ಒಂದೇ ಪುಸ್ತಕ ಆರನೇ ಸಲ ಓದಿದ್ರೆ "ಅದನ್ನ ಓದಾಗಿದ್ಯಲ್ಲ ಇಡು", ಡೈನೋಸಾರ್ ಹೆಸರೆಲ್ಲಾ ಬಾಯಿಪಾಠ ಮಾಡ್ಕೊಂಡ್ರೆ "ಇದರ ಬದಲು ಮಗ್ಗಿ ಬಾಯಿಪಾಠ ಮಾಡಿದ್ರೆ". ಹಾಗಾದ್ರೆ ಓದು ಅಂದ್ರೇನು, ನಾವು ಆರಿಸಿದ್ದು ಮಾತ್ರನಾ? 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನೋ ಇಬ್ರು 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರ ಓದಿಸಿ, ಮರದ ಬೊಂಬೆ ಇಟ್ಕೊಂಡು ಏನಾಯ್ತು ತೋರಿಸಿ ಅಂದ್ರು. ಓದೋದ್ರಲ್ಲಿ ಹಿಂದಿದ್ದು ಆದ್ರೆ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದೋದ್ರಲ್ಲಿ ಜಾಣರಾಗಿ ಆಟ ಗೊತ್ತಿಲ್ದೇ ಇದ್ದ ಮಕ್ಕಳಿಗಿಂತ ಚೆನ್ನಾಗಿ ತೋರಿಸಿದ್ರು. "ಇವನಿಗೆ ಓದಿದ್ದು ಅರ್ಥಾನೇ ಆಗಲ್ಲ" ಅಂತ ನೀವು ತಲೆ ಚಚ್ಕೊಳ್ಳೋ ಹುಡುಗನ ಕೈಗೆ ಅವನ ಹುಚ್ಚಿನ ವಿಷಯ ಕೊಟ್ಟು ನೋಡಿ, ಅದು ಆಟನೋ ಹಾವೋ ಟ್ರೈನೋ ಭೂತನೋ ಏನಾದ್ರೂ ಆಗಿರ್ಲಿ.

ಈಗ ಕಾಮೆಂಟಲ್ಲಿ ಒಬ್ರು ಖಂಡಿತ ಬರೀತಾರೆ, ಕೇಳದೇ ಇದ್ರೆ ಅರ್ಥ ಆಗಿದ್ಯೋ ಇಲ್ವೋ ಗೊತ್ತಾಗೋದು ಹೇಗೆ ಸಾರ್ ಅಂತ. ನ್ಯಾಯವಾದ ಪ್ರಶ್ನೆ. ಜೇಮ್ಸ್ ಕಿಮ್ ಅನ್ನೋ ಸಂಶೋಧಕರ 2008ರ ಅಧ್ಯಯನದಲ್ಲಿ ಬರೀ ಪುಸ್ತಕ ಕೊಟ್ಟು ಕಳಿಸಿದ್ದು ಅಷ್ಟೇನೂ ಕೆಲಸ ಮಾಡ್ಲಿಲ್ಲ. ಮಗುವಿನ ಮಟ್ಟಕ್ಕೆ ಹೊಂದೋ ಪುಸ್ತಕ ಕೊಟ್ಟು, ರಜೆಗೆ ಮುಂಚೆ ಟೀಚರ್ ಹೇಗೆ ಓದಿ ಅರ್ಥ ಮಾಡ್ಕೊಳ್ಳೋದು ಅಂತ ತೋರಿಸಿಕೊಟ್ಟು, ಮನೇಲೂ ಯಾರಾದ್ರೂ ಮಗು ಓದೋದನ್ನ ಕೂತು ಕೇಳಿಸ್ಕೊಂಡಾಗಲೇ ಫಲ ಕಂಡಿದ್ದು. ಅಂದ್ರೆ ಮಾತಾಡ್ಬೇಕು, ಆದ್ರೆ ಮಾತುಕತೆ ಬೇರೆ ವಿಚಾರಣೆ ಬೇರೆ. "ಆ ಕತ್ತೆ ಹಾಡಿತಾ ಕೊನೆಗೆ?" ಅಂತ ನನಗೆ ನಿಜವಾಗ್ಲೂ ಗೊತ್ತಾಗ್ಬೇಕು ಅಂತ ಕೇಳೋದು ಮಾತು. ನನಗೆ ಉತ್ತರ ಗೊತ್ತಿದ್ದೂ ನಿನಗೆ ಗೊತ್ತಾ ಅಂತ ಕೇಳೋದು ವಿಚಾರಣೆ. ಮಕ್ಕಳಿಗೆ ವ್ಯತ್ಯಾಸ ಅರ್ಧ ಸೆಕೆಂಡಲ್ಲಿ ಗೊತ್ತಾಗತ್ತೆ ಕಣ್ರೀ.

ಇನ್ನು ಒಪ್ಪಂದಗಳು. ಹತ್ತು ಪುಟ ಓದಿದ್ರೆ ಅರ್ಧ ಗಂಟೆ ಮೊಬೈಲ್. ನಾನೂ ಮಾಡಿದೀನಿ, ಒಂದು ವಾರ ಚೆನ್ನಾಗೇ ನಡೀತು, ಆಮೇಲೆ ಅವಳು ತುಂಬಾ ಚಿತ್ರ ಇರೋ ಪುಸ್ತಕಗಳನ್ನೇ ಹುಡುಕಿ ಹುಡುಕಿ ಹತ್ತು ಪುಟ ಮುಗಿಸಕ್ಕೆ ಶುರು ಮಾಡಿದ್ಲು, ವ್ಯಾಪಾರದಲ್ಲಿ ನನಗಿಂತ ಜಾಣೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ಮಾಡಿದ ಪ್ರಯೋಗ ಇದೆ. ಚಿತ್ರ ಬರಿಯೋದು ಇಷ್ಟ ಅನ್ನೋ ಮಕ್ಕಳನ್ನೇ ಆರಿಸಿ, ಕೆಲವರಿಗೆ ಬರೆದ್ರೆ ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದ್ಲೇ ಹೇಳಿ ಬರೆಸಿದ್ರು. ಒಂದೆರಡು ವಾರ ಆದ್ಮೇಲೆ ಬಹುಮಾನ ಗಿಹುಮಾನ ಏನೂ ಇಲ್ದೇ ಸುಮ್ನೆ ಬಿಟ್ಟು ನೋಡಿದಾಗ, ಆ ಮಕ್ಕಳು ಮಿಕ್ಕವರು ಬರೆದಷ್ಟು ಹೊತ್ತಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟೇ ಬರೆದಿದ್ದು. ಮತ್ತೆ ನಮ್ಮ ಒಪ್ಪಂದದಲ್ಲಿ ನಾವು ಮಗುಗೆ ಹೇಳ್ತಿರೋದೇನು? ಓದು ಅನ್ನೋದು ಕಷ್ಟದ ಕೆಲಸ, ಅದನ್ನ ಮುಗಿಸಿದ್ರೆ ಮಜಾ ಸಿಗತ್ತೆ, ಆ ಮಜಾ ಹೆಸರು ಮೊಬೈಲ್ ಅಂತ. ಮೊಬೈಲ್ ಕಂಪನಿಯವ್ರು ದುಡ್ಡು ಕೊಟ್ರೂ ಇಷ್ಟು ಚೆನ್ನಾಗಿ ಜಾಹೀರಾತು ಮಾಡಕ್ಕಾಗಲ್ಲ.

ಈ ಸಲ ನಾನೇನ್ ಮಾಡ್ತಿದೀನಿ ಅಂದ್ರೆ, ದೊಡ್ಡ ಯೋಜನೆ ಏನೂ ಇಲ್ಲ. ಪುಸ್ತಕಗಳನ್ನ ಕಪಾಟಿಂದ ಕೆಳಗೆ ತಂದಿದೀನಿ, ಸೋಫಾ ಮೇಲೆ, ಕಿಟಕಿ ಹತ್ರ, ಚಪ್ಪಲಿ ಸ್ಟ್ಯಾಂಡ್ ಮೇಲೂ ಒಂದಿದೆ, ಮನೆ ಗಲೀಜಾಗಿ ಕಾಣತ್ತೆ ಅಂತ ಮನೆಯವಳ ಆಕ್ಷೇಪ ಇದೆ. ಹಿಡಿಸ್ಲಿಲ್ಲ ಅಂದ್ರೆ ಅರ್ಧಕ್ಕೇ ಬಿಡಬಹುದು, ಯಾಕೆ ಬಿಟ್ಟೆ ಅಂತ ಕೇಳಲ್ಲ. ಪುಸ್ತಕ ಕಷ್ಟ ಇದ್ಯಾ ಅಂತ ನೋಡಕ್ಕೆ ಐದು ಬೆರಳಿನ ಉಪಾಯ ಹೇಳಿಕೊಟ್ಟಿದೀನಿ, ಒಂದು ಪುಟದಲ್ಲಿ ಗೊತ್ತಿಲ್ದಿರೋ ಪದ ಬಂದಾಗೆಲ್ಲಾ ಒಂದೊಂದು ಬೆರಳು ಮಡಚೋದು, ಐದೂ ಮುಗಿದ್ರೆ ಸದ್ಯಕ್ಕೆ ಪಕ್ಕಕ್ಕಿಡು. ರಾತ್ರಿ ಮಾತ್ರ ನಾನೇ ಗಟ್ಟಿಯಾಗಿ ಓದ್ತೀನಿ. ಅಕ್ಷರ ಬರೋ ಮಗುಗೆ ಓದಿ ಹೇಳೋದೇನಕ್ಕೆ ಅಂತ ಕೇಳ್ತಾರೆ, ಆದ್ರೆ ಒತ್ತಕ್ಷರ ಬಿಡಿಸೋದ್ರಲ್ಲೇ ಸುಸ್ತಾಗೋ ಮಗುಗೆ ಕಥೆ ರುಚಿ ಹತ್ತೋದು ಯಾವಾಗ ಹೇಳಿ, ಕಿವಿಗೆ ರುಚಿ ಹತ್ತಿದ್ಮೇಲೆ ಕಣ್ಣು ಬರತ್ತೆ. ಭಾರೀ ಕುತೂಹಲದ ಜಾಗ ಬಂದಾಗ ಆಕಳಿಸಿ "ನಿದ್ದೆ ಬರ್ತಿದೆ ಕಣೇ, ನಾಳೆ ಓದೋಣ" ಅಂತ ಪುಸ್ತಕ ಅವಳ ದಿಂಬಿನ ಪಕ್ಕಾನೇ ಬಿಟ್ಟು ಎದ್ದು ಬರೋದು. ಶುದ್ಧ ಮೋಸ ಇದು, ಒಪ್ಕೋತೀನಿ. ಮೊದಲ ಮೂರು ದಿನ ಏನೂ ಆಗ್ಲಿಲ್ಲ, ನಾಲ್ಕನೇ ದಿನ ನಾನು ಓದಕ್ಕೆ ಕೂತ್ರೆ "ಅದು ಬೇಡಪ್ಪ, ನಂಗೆ ಗೊತ್ತು, ಮುಂದಿನದು ಓದು" ಅಂದ್ಲು.

ನಾನೂ ಅವಳ ಎದುರಿಗೆ ದಿನಕ್ಕೆ ಅರ್ಧ ಗಂಟೆ ಓದ್ತೀನಿ ಅಂತ ಅಂದ್ಕೊಂಡಿದ್ದೆ, ಅದು ಇನ್ನೂ ಹದಿನೈದು ನಿಮಿಷದಲ್ಲೇ ಇದೆ, ಫೋನ್ ಬೇರೆ ರೂಮಲ್ಲಿಟ್ರೆ ಕೈ ಜೋಮು ಹಿಡಿದ ಹಾಗಾಗತ್ತೆ, ಮಕ್ಕಳಿಗೆ ಬೈತೀವಲ್ಲ ನಾವು.

ಸರಿ, ಇವತ್ತಿಗೆ ಇಷ್ಟು ಸಾಕು, ಒಳಗಡೆ ತುಂಬಾ ಹೊತ್ತಿಂದ ಸದ್ದೇ ಇಲ್ಲ, ನನಗ್ಯಾಕೋ ಭಯ ಆಗ್ತಿದೆ. ಗೋಡೆ ಮೇಲೆ ಬರೀತಿದ್ರೆ ಕೂಗಾಡ್ತೀನಿ, ಓದ್ತಿದ್ರೆ ಬಾಗಿಲು ಹಾಕ್ಕೊಂಡು ಹಾಗೇ ವಾಪಸ್ ಬರ್ತೀನಿ.