ಸಾಹೇಬರ ಮೇಲ್

ಕೇಳುಗರಿಗೆ ನಮಸ್ಕಾರ.

ಪುಣೆಯಲ್ಲಿ ನಮ್ಮ ಸೊಸೈಟಿ ಗೇಟಿನ ಮುಂದೆ ಮಳೆಗಾಲಕ್ಕೆ ಮೊದಲು ಗುಂಡಿ ತೋಡಿದರು. ಪೈಪ್ ಹಾಕಿದರು, ಮುಚ್ಚಲಿಲ್ಲ. ಪಕ್ಕದ ಉಡುಪಿ ಹೋಟೆಲಿಗೆ ಹಾಲು ತರುವ ಹುಡುಗ ಸೈಕಲ್ ಸಮೇತ ಅದರೊಳಗೆ ಬಿದ್ದ. ಪಾಲಿಕೆ ಕಚೇರಿಗೆ ಹೋಗಿ ಕೇಳಿದರೆ ಪ್ರತಿ ಸಲವೂ ಒಂದೇ ಉತ್ತರ. "ಕಾಕಾ, ಕಂಟ್ರಾಕ್ಟರಿಗೆ ಜೂನ್‌ನಲ್ಲೇ ಮೇಲ್ ಕೇಲಾ ಆಹೇ." ಅಂದರೆ, ಮೇಲ್ ಕಳಿಸಿಯಾಗಿದೆ ಅಂತ.

ಸರಿ, ಆ ಮೇಲನ್ನೇ ತೋರಿಸಿ ಅಂದೆ. ಗುಮಾಸ್ತರು ನಕ್ಕರು. ಸಾಹೇಬರ ಮೇಲ್ ಊರಿಗೆಲ್ಲ ತೋರಿಸೋಕಾಗುತ್ತಾ?

ಆಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 2ನೇ ಕಲಂ ಮಾಹಿತಿ ಅಂದರೆ ಏನೇನು ಅಂತ ಹೇಳುತ್ತದೆ. ದಾಖಲೆ, ಸುತ್ತೋಲೆ, ಲಾಗ್‌ಬುಕ್ ಇವುಗಳ ಸಾಲಿನಲ್ಲೇ ಇಮೇಲ್ ಅನ್ನೋ ಪದವೂ ಇದೆ. ಆದರೆ ಸುಮ್ನೆ "ಎಲ್ಲ ಮೇಲ್ ಕೊಡಿ" ಅಂತ ಬರೆದರೆ ಏನೂ ಸಿಗುವುದಿಲ್ಲ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಮೊದಲು ನನಗೆ ಸಿಟ್ಟು ಬಂತು. ಬರೆಯಲು ಕೂತಾಗ ಅಷ್ಟೂ ಬೇಕಾಗಲಿಲ್ಲ. ಯಾವ ಹುದ್ದೆಯವರು, ಯಾರಿಗೆ, ಯಾವ ಕೆಲಸದ ಬಗ್ಗೆ ಕಳಿಸಿದ್ದು. ಜೂನ್ 1ರಿಂದ ಅರ್ಜಿಯ ದಿನದವರೆಗೆ. ಕೊನೆಗೆ ಒಂದು ಮಾತು ಸೇರಿಸಿದೆ: ಕಳಿಸಿದ ದಿನ, ಸಮಯ ಕಾಣುವ ಪ್ರಿಂಟೇ ಬೇಕು. ಕಾಗದದ ಮೇಲೆ ಹಿಂದಿನ ತಾರೀಖು ಬರೆಯಬಹುದು. ಮೇಲ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ.

10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಕೊಟ್ಟೆ. ಕಾಯ್ದೆ ಕೊಟ್ಟ ಗಡುವು 30 ದಿನ. 29ನೇ ದಿನ ಉತ್ತರ ಬಂತು: ಖಾಸಗಿ ಮಾಹಿತಿ, ಕೊಡಲಾಗದು.

8ನೇ ಕಲಮಿನಲ್ಲಿ ಆ ವಿನಾಯಿತಿ ಇರುವುದು ನಿಜ. ಸಾಹೇಬರು ಮಗಳ ಮದುವೆ ಬಗ್ಗೆ ಬರೆದ ಮೇಲ್ ನನಗೂ ಬೇಡ. ರಸ್ತೆಯ ಗುಂಡಿ ಯಾರ ಖಾಸಗಿ? ಯಾರದ್ದಾದರೂ ಫೋನ್ ನಂಬರ್ ಇದ್ದರೆ ಅದನ್ನಷ್ಟೇ ಮುಚ್ಚಿ ಉಳಿದದ್ದನ್ನು ಕೊಡಲು 10ನೇ ಕಲಮಿನಲ್ಲಿ ದಾರಿ ಇದೆ. ಅದನ್ನೇ ಬರೆದು, 20 ರೂಪಾಯಿ ಸ್ಟ್ಯಾಂಪ್ ಹಚ್ಚಿ, ಮೇಲಧಿಕಾರಿಗೆ ಮೊದಲ ಅಪೀಲು ಹಾಕಿದೆ.

ನಾಲ್ಕು ಹಾಳೆ ಸಿಕ್ಕವು. ಹಾಳೆಗೆ 2 ರೂಪಾಯಿಯಂತೆ 8 ರೂಪಾಯಿ. ಹೋಟೆಲಿನ ಟೇಬಲ್ ಒರೆಸಿಸಿ, ಹರಡಿಕೊಂಡು ಓದಿದೆವು. ಮೂರು ಹಾಳೆ ಕಂಟ್ರಾಕ್ಟರ್ ಬಿಲ್ಲಿನ ಬಗ್ಗೆ. ಗುಂಡಿ ಮುಚ್ಚಿ ಅನ್ನೋ ಮೇಲ್ ನಾಲ್ಕನೆಯದು. ಕಳಿಸಿದ್ದು ನಾನು ಅರ್ಜಿ ಕೊಟ್ಟ ದಿನವೇ, ಮಧ್ಯಾಹ್ನ 3 ಗಂಟೆ 40ಕ್ಕೆ. ನನ್ನ ಅರ್ಜಿಗೆ ಸೀಲು ಬಿದ್ದದ್ದು ಬೆಳಿಗ್ಗೆ 11ಕ್ಕೆ.