ಪಾರ್ಟಿ ಮುಗಿದ ಮೇಲೆ ಉಳಿಯುವ ಭಾರ

ಕಣಕಣ ಅಂತ ಸದ್ದು ಕೇಳಿಸುತ್ತಿದೆ ಅಲ್ವಾ? ಇದು ನಮ್ಮ ಹಿಂದಿನ ಪಾರ್ಟಿಯ ಮಾರನೇ ಬೆಳಿಗ್ಗೆ ತೆಗೆದ ವಿಡಿಯೋ. ಚೀಲ ಹಿಡಿದು ಮೆಟ್ಟಿಲು ಇಳಿಯುತ್ತಿರುವವಳು ನನ್ನ ಅಕ್ಕ. ಅರ್ಧಕ್ಕೇ ನಿಂತು ಉಸಿರು ಬಿಡುತ್ತಿದ್ದಾಳೆ ನೋಡಿ. ಆಗ ಅವಳು ಹೇಳಿದ್ದು ಇಷ್ಟು: "ಏನೇ ಇದು, ಕುಡಿದದ್ದೆಲ್ಲ ಹೊಟ್ಟೆಗೆ ಹೋಯಿತು, ಭಾರ ಮಾತ್ರ ಇಲ್ಲೇ ಉಳಿದಿದೆಯಲ್ಲ!"

ನಾನು ನಕ್ಕುಬಿಟ್ಟೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಅಡುಗೆಮನೆಯ ತಕ್ಕಡಿ ತಂದು ಒಂದೊಂದೇ ಬಾಟಲಿ ಇಟ್ಟು ತೂಗಿದೆ. ವೈನ್ ಬಾಟಲಿ ಒಂಬತ್ತು, ಬಿಯರ್ ಬಾಟಲಿ ಇಪ್ಪತ್ನಾಲ್ಕು. ಎಲ್ಲ ಸೇರಿ ಹತ್ತು ಕಿಲೋ ಹತ್ತಿರ. ಸೇರಿದ್ದವರು ಹನ್ನೆರಡು ಜನ. ಅಂದರೆ ತಲೆಗೆ ಮುಕ್ಕಾಲು ಕಿಲೋಗಿಂತ ಜಾಸ್ತಿ ಖಾಲಿ ಗಾಜು. ಬರೀ ಒಂದು ಸಂಜೆಗೆ.

ಈ ಶನಿವಾರ ಮತ್ತೆ ಅದೇ ಹನ್ನೆರಡು ಜನ ಬರುತ್ತಿದ್ದಾರೆ. ಈ ಸಲ ಏನು ಕೊಡುವುದು ಅನ್ನುವುದಕ್ಕಿಂತ, ಯಾವುದರಲ್ಲಿ ತುಂಬಿಟ್ಟದ್ದನ್ನು ತರುವುದು ಅನ್ನುವ ಯೋಚನೆ ಮಾಡಿದ್ದೇನೆ. ಬನ್ನಿ, ತೋರಿಸುತ್ತೇನೆ.

ಮೊದಲು ನನ್ನ ತಪ್ಪು. ಈ ಬಾಟಲಿ ನೋಡಿ. ಲೇಬಲ್ ಮೇಲೆ ಹಸಿರು ಎಲೆ, ಒರಟು ಕಂದು ಕಾಗದ, ಸೊಗಸಾದ ಅಕ್ಷರ. ಕಂಡ ತಕ್ಷಣ ಇದು ಪರಿಸರಕ್ಕೆ ಒಳ್ಳೆಯದೇ ಇರಬೇಕು ಅಂದುಕೊಂಡು ಮೂರು ತಂದಿದ್ದೆ. ಖಾಲಿ ಮಾಡಿ ತೂಗಿದರೆ ಒಂದೊಂದೂ 900 ಗ್ರಾಂ ಚಿಲ್ಲರೆ. ಒಳಗಿದ್ದ ವೈನ್ 750 ಮಿಲಿಲೀಟರ್, ತೂಕ ಮುಕ್ಕಾಲು ಕಿಲೋ ಆಸುಪಾಸು. ವೈನ್‌ಗಿಂತ ಬಾಟಲಿಯೇ ಭಾರ! ತಳಕ್ಕೆ ಬೆರಳು ಹಾಕಿದರೆ ಆಳವಾದ ಗುಳಿ, ಗೋಡೆ ನೋಡಿದರೆ ದಪ್ಪ. ಕೈಗೆ ಗಟ್ಟಿಯಾಗಿ ಸಿಕ್ಕರೆ ಒಳಗಿನದೂ ಶ್ರೇಷ್ಠ ಅನ್ನಿಸಲಿ ಅಂತ ಮಾಡಿದ ಏರ್ಪಾಡು ಇದು. ಮಾಮೂಲಿ ವೈನ್‌ಗೆ ಇಷ್ಟು ದಪ್ಪ ಗಾಜಿನಿಂದ ಯಾವ ಉಪಯೋಗವೂ ಇಲ್ಲ. ಅದರ ಪಕ್ಕ ಇಟ್ಟಿರುವ ಸಾದಾ ಬಾಟಲಿ 410 ಗ್ರಾಂ. ಅದೂ ಅಷ್ಟೇ ವೈನ್ ಹಿಡಿಯುತ್ತದೆ, ಅಷ್ಟೇ ಚೆನ್ನಾಗಿ ಕಾಪಾಡುತ್ತದೆ.

ಇಲ್ಲಿ ಒಂದು ವಿನಾಯಿತಿ ಇದೆ. ನೊರೆ ಉಕ್ಕುವ ವೈನ್, ಶಾಂಪೇನ್ ಥರದ್ದು. ಅದರೊಳಗಿನ ಒತ್ತಡ ಕಾರಿನ ಟೈರಿನ ಒತ್ತಡಕ್ಕಿಂತ ಎರಡು ಮೂರು ಪಟ್ಟು. ತೆಳ್ಳಗಿನ ಬಾಟಲಿ ಸಿಡಿದೇ ಹೋಗುತ್ತದೆ. ಆದರೂ ಫ್ರಾನ್ಸಿನ ಶಾಂಪೇನ್ ಪ್ರದೇಶದವರು 2010ರಲ್ಲಿ ತಮ್ಮ ಮಾಮೂಲಿ ಬಾಟಲಿಯನ್ನು 900 ಗ್ರಾಂನಿಂದ 835 ಗ್ರಾಂಗೆ ಇಳಿಸಿದರು. 65 ಗ್ರಾಂ ಅಂದರೆ ಏನು ಮಹಾ ಅನ್ನಿಸಬಹುದು. ಅವರು ವರ್ಷಕ್ಕೆ ಕೋಟಿಗಟ್ಟಲೆ ಬಾಟಲಿ ಕಳಿಸುವವರು ಅನ್ನುವುದು ನೆನಪಿರಲಿ. ಅಷ್ಟು ಒತ್ತಡ ತಡೆಯಬೇಕಾದ ಬಾಟಲಿಯೇ 835 ಗ್ರಾಂಗೆ ಇಳಿದಿರುವಾಗ, ನೊರೆಯೇ ಇಲ್ಲದ ಕೆಂಪು ವೈನ್‌ಗೆ 900 ಯಾಕೆ?

ಗಾಜು ಒಳ್ಳೆಯದಲ್ವಾ, ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಮಾಡಬಹುದಲ್ವಾ ಅಂತ ನೀವು ಕೇಳಬಹುದು. ಹೌದು, ನಿಜ. ಆದರೆ 'ಕರಗಿಸಿ' ಅನ್ನುವ ಆ ಒಂದು ಪದದಲ್ಲೇ ಎಲ್ಲ ಇದೆ. ಮರಳು, ಸೋಡಾ ಬೂದಿ, ಸುಣ್ಣದ ಕಲ್ಲು ಸೇರಿಸಿ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಬೇಕು. ಗಾಜಿನ ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವುದಕ್ಕೆ ಆಗುವುದಿಲ್ಲ. ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಹಗಲು ರಾತ್ರಿ ಉರಿಯುತ್ತಲೇ ಇರುತ್ತದೆ. ಹಳೇ ಗಾಜಿನ ಚೂರು ಸೇರಿಸಿದರೆ ಶಾಖ ಸ್ವಲ್ಪ ಕಡಿಮೆ ಸಾಕು. ನೂರಕ್ಕೆ ಹತ್ತು ಪಾಲು ಚೂರು ಸೇರಿಸಿದರೆ ಶಕ್ತಿಯಲ್ಲಿ ಉಳಿತಾಯ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಅಂದರೆ ಪೂರ್ತಿ ಹಳೇ ಗಾಜಿನಿಂದ ಮಾಡಿದರೂ ಬೆಂಕಿಯ ಬಹುಪಾಲು ಬೇಕೇ ಬೇಕು.

ಹಾಗಾಗಿ ಗಾಜಿಗೆ ನಿಜವಾಗಿ ಒಪ್ಪುವ ದಾರಿ ಕರಗಿಸುವುದಲ್ಲ, ತೊಳೆಯುವುದು. ಕಂಪನಿಗೆ ವಾಪಸ್ ಹೋಗಿ, ತೊಳೆಸಿಕೊಂಡು, ಮತ್ತೆ ತುಂಬಿಸಿಕೊಂಡು ಬರುವ ಬಿಯರ್ ಬಾಟಲಿಗಳಿವೆಯಲ್ಲ, ಅವು. ಜರ್ಮನಿಯಲ್ಲಿ ಇದು ದಿನನಿತ್ಯದ ಸಂಗತಿ. ಠೇವಣಿ ಕೊಟ್ಟು ಕ್ರೇಟ್ ತರುತ್ತಾರೆ, ಖಾಲಿ ಕ್ರೇಟ್ ಕೊಟ್ಟು ಠೇವಣಿ ವಾಪಸ್ ಪಡೆಯುತ್ತಾರೆ. ಅಂಥ ಒಂದು ಬಾಟಲಿ ಹತ್ತಾರು ಸಲ ಓಡಾಡುತ್ತದೆ. ಹೊಟ್ಟೆಯ ಸುತ್ತ ಬಿಳಿಯ ಸವೆದ ಗೆರೆ ಕಂಡರೆ ಅದು ಯಂತ್ರದಲ್ಲಿ ಅಕ್ಕಪಕ್ಕದ ಬಾಟಲಿಗೆ ಉಜ್ಜಿ ಉಜ್ಜಿ ಬಂದದ್ದು. ನನಗಂತೂ ಆ ಗೆರೆ ಕಂಡರೆ ಖುಷಿ. ನೀವಿರುವಲ್ಲಿ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇದ್ದು, ಬಿಯರ್ ಹತ್ತಿರದಿಂದಲೇ ಬರುತ್ತಿದ್ದರೆ, ಈ ವಿಡಿಯೋ ಇಲ್ಲಿಗೇ ನಿಲ್ಲಿಸಿ ಕ್ರೇಟ್ ತನ್ನಿ.

ನನಗೆ ಆ ಅನುಕೂಲ ಇಲ್ಲ. ಅದಕ್ಕೇ ಈ ಸಲ ಬಿಯರ್ ಕ್ಯಾನ್‌ನಲ್ಲಿ ಬಂದಿದೆ. 330 ಮಿಲಿಲೀಟರ್‌ನ ಖಾಲಿ ಕ್ಯಾನ್ ತಕ್ಕಡಿ ಮೇಲೆ ಇಡುತ್ತೇನೆ, ನೋಡಿ. 13 ಗ್ರಾಂ. ಅಷ್ಟೇ ಬಿಯರ್ ಹಿಡಿಯುವ ಗಾಜಿನ ಬಾಟಲಿ 200 ಗ್ರಾಂ.

ಹಾಗಂತ ಅಲ್ಯೂಮಿನಿಯಂ ದೇವತೆ ಏನಲ್ಲ. ಅದರ ಮೊದಲ ಹುಟ್ಟು ಬಹಳ ದುಬಾರಿ. ಬಾಕ್ಸೈಟ್ ಅನ್ನುವ ಅದಿರು ಅಗೆಯಬೇಕು, ಅದರಿಂದ ಪುಡಿ ತೆಗೆಯಬೇಕು, ಆಮೇಲೆ ವಿದ್ಯುತ್ ಹರಿಸಿ ಲೋಹ ಬಿಡಿಸಬೇಕು. ಒಂದು ಕಿಲೋಗೆ ಸುಮಾರು 14 ಯೂನಿಟ್ ಕರೆಂಟ್. ನಾನು ಸುಮ್ನೆ ಕೂತು ಲೆಕ್ಕ ಹಾಕಿದೆ. ಈ ಒಂದು ಪುಟ್ಟ ಕ್ಯಾನಿನ ಲೋಹಕ್ಕೆ ಹೋದ ಕರೆಂಟಿನಲ್ಲಿ ಹತ್ತು ವ್ಯಾಟ್ ಬಲ್ಬ್ 18 ಗಂಟೆ ಉರಿಯುತ್ತದೆ. ಅದೇ ಕ್ಯಾನ್ ಹಳೇ ಕ್ಯಾನ್ ಕರಗಿಸಿ ಮಾಡಿದ್ದಾದರೆ ಬೇಕಾಗುವ ಶಕ್ತಿ ಹೊಸದರ ನೂರಕ್ಕೆ ಐದು ಪಾಲು. ಬಲ್ಬಿನ ಲೆಕ್ಕದಲ್ಲಿ ಒಂದು ಗಂಟೆಯೂ ಇಲ್ಲ. ಗಾಜಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಆದ್ದರಿಂದ ಕ್ಯಾನ್ ತಂದವರು ಅದನ್ನು ಕಸದ ಬುಟ್ಟಿಗೆ ಹಾಕಿದರೆ ಆ 18 ಗಂಟೆಯ ಬೆಳಕನ್ನೇ ಎಸೆದ ಹಾಗೆ. ಪಾರ್ಟಿಯಲ್ಲಿ ಕ್ಯಾನ್‌ಗೆ ಅಂತಲೇ ಬೇರೆ ಬುಟ್ಟಿ ಇಡಿ. ಬಾಗಿಲ ಹಿಂದೆ ಬೇಡ, ಕೈಗೆ ಸಿಗುವಲ್ಲಿ ಇಡಿ. ಬಚ್ಚಿಟ್ಟ ಬುಟ್ಟಿಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ, ನಾನು ಪರೀಕ್ಷೆ ಮಾಡಿದ್ದೇನೆ. ಕ್ಯಾನ್‌ಗೆ ಠೇವಣಿ ವಾಪಸ್ ಕೊಡುವ ಯಂತ್ರ ಇರುವ ಕಡೆಯಾದರೆ ತುಳಿದು ಚಪ್ಪಟೆ ಮಾಡಬೇಡಿ. ಯಂತ್ರಕ್ಕೆ ಬಾರ್‌ಕೋಡ್ ಓದಬೇಕು.

ಕ್ಯಾನ್‌ನಲ್ಲಿ ಲೋಹದ ರುಚಿ ಬರುತ್ತದೆ ಅನ್ನುವವರು ನಮ್ಮ ಗುಂಪಿನಲ್ಲೂ ಇಬ್ಬರಿದ್ದಾರೆ. ಬಿಯರ್ ಲೋಹವನ್ನು ಮುಟ್ಟುವುದೇ ಇಲ್ಲ, ಒಳಗೆ ತೆಳುವಾದ ಲೇಪನ ಇರುತ್ತದೆ. ಮುಟ್ಟುವುದು ನಿಮ್ಮ ತುಟಿ. ಗ್ಲಾಸಿಗೆ ಸುರಿದುಕೊಂಡರೆ ಜಗಳ ಮುಗಿಯಿತು. ರುಚಿಯ ವಿಷಯದಲ್ಲಿ ಕ್ಯಾನ್‌ಗೆ ಒಂದು ಮೇಲುಗೈಯೂ ಇದೆ. ಬೆಳಕು ಬಿದ್ದರೆ ಬಿಯರಿನಲ್ಲಿರುವ ಹಾಪ್ಸ್ ಅನ್ನುವ ಕಹಿ ಹೂವಿನ ಅಂಶ ಒಡೆದು ಕೆಟ್ಟ ವಾಸನೆ ಬರುತ್ತದೆ. ಕಂದು ಗಾಜು ಆ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಹಸಿರು ಗಾಜು ಅಷ್ಟು ತಡೆಯುವುದಿಲ್ಲ, ಬಿಳಿ ಗಾಜಂತೂ ಇಲ್ಲವೇ ಇಲ್ಲ. ಕ್ಯಾನ್ ಪೂರ್ತಿ ತಡೆಯುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಹೊರಗೆ ಕೂರುವವರು ಇದನ್ನು ಗಮನಿಸಿ. ಕ್ಯಾನ್ ಬೇಗ ತಣ್ಣಗೂ ಆಗುತ್ತದೆ.

ಆರು ಕ್ಯಾನ್ ಹಿಡಿದಿಡುವ ಆ ಪ್ಲಾಸ್ಟಿಕ್ ಬಳೆ ಬೇಡ. ರಟ್ಟಿನ ಹೊದಿಕೆ ಇರುವುದನ್ನೇ ಆರಿಸಿ. ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್ 2018ರಲ್ಲಿ ಕ್ಯಾನ್‌ಗಳನ್ನು ಬರೀ ಅಂಟಿನ ಚುಕ್ಕೆಗಳಿಂದ ಒಂದಕ್ಕೊಂದು ಅಂಟಿಸಿ ಮಾರಲು ಶುರು ಮಾಡಿತು. ಎಳೆದರೆ ಟಪ್ ಅಂತ ಬಿಡುತ್ತವೆ. ಇಂಥ ಸಣ್ಣ ಉಪಾಯಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಈಗ ವೈನ್. ಮೇಜಿನ ಮೇಲೆ ಈ ರಟ್ಟಿನ ಡಬ್ಬ ಕಾಣುತ್ತಿದೆಯಲ್ಲ, ಕೆಳಗೆ ಪುಟ್ಟ ನಲ್ಲಿ ಇರುವುದು. ಇದರಲ್ಲಿ ಮೂರು ಲೀಟರ್. ಅಂದರೆ ನಾಲ್ಕು ಬಾಟಲಿ, ಹೆಚ್ಚುಕಡಿಮೆ ಇಪ್ಪತ್ತು ಗ್ಲಾಸ್. ಖಾಲಿ ಡಬ್ಬ, ಒಳಗಿನ ಪ್ಲಾಸ್ಟಿಕ್ ಚೀಲ, ನಲ್ಲಿ ಎಲ್ಲ ಸೇರಿ ತೂಗಿದರೆ 190 ಗ್ರಾಂ. ನಾಲ್ಕು ಮಾಮೂಲಿ ಬಾಟಲಿ ಒಂದೂವರೆ ಕಿಲೋ ದಾಟುತ್ತವೆ. ಲಾರಿಯಲ್ಲಿ ಅಷ್ಟೇ ಜಾಗದಲ್ಲಿ ಎಷ್ಟು ಜಾಸ್ತಿ ವೈನ್ ಹೋಗುತ್ತದೆ ಅಂತ ಯೋಚಿಸಿ. ಬಾಟಲಿಯ ಕತ್ತಿನ ಸುತ್ತ ಇರುವ ಗಾಳಿಯನ್ನು ಊರಿಂದೂರಿಗೆ ಸಾಗಿಸುವ ಕೆಲಸ ತಪ್ಪುತ್ತದೆ.

ಇದರ ಕಥೆ ಮಜವಾಗಿದೆ. ಇದನ್ನು 1965ರಲ್ಲಿ ತಂದವರು ಆಸ್ಟ್ರೇಲಿಯಾದ ವೈನ್ ತಯಾರಕ ಥಾಮಸ್ ಆಂಗೋವ್. ಅಮೆರಿಕದಲ್ಲಿ ಅದಕ್ಕೂ ಮೊದಲೇ ಇಂಥ ಚೀಲದಲ್ಲಿ ಬ್ಯಾಟರಿ ಆಸಿಡ್ ತುಂಬುತ್ತಿದ್ದರು! ಆಂಗೋವ್ ಅವರ ಮೊದಲ ಡಬ್ಬಕ್ಕೆ ನಲ್ಲಿ ಇರಲಿಲ್ಲ. ಚೀಲದ ಮೂಲೆ ಕತ್ತರಿಸಿ, ಸುರಿದುಕೊಂಡು, ಮತ್ತೆ ಕ್ಲಿಪ್ ಹಾಕಬೇಕಿತ್ತು. ಅದನ್ನು ನನ್ನ ಸ್ನೇಹಿತರ ಕೈಗೆ ಕೊಟ್ಟಿದ್ದರೆ ಮೇಜುಬಟ್ಟೆಯ ಗತಿ ಏನು ಅಂತ ಊಹಿಸುತ್ತಿದ್ದೇನೆ. ನಲ್ಲಿ ಬಂದದ್ದು ಆಮೇಲೆ.

ನಲ್ಲಿಯ ಜೊತೆಗಿರುವ ಜಾಣತನ ಚೀಲದ್ದು. ವೈನ್ ಹೊರಗೆ ಬಂದ ಹಾಗೆ ಚೀಲ ಕುಗ್ಗುತ್ತದೆ, ಒಳಗೆ ಗಾಳಿ ಹೋಗುವುದಿಲ್ಲ. ಬಾಟಲಿ ತೆರೆದರೆ ಮೂರು ನಾಲ್ಕು ದಿನದಲ್ಲಿ ವೈನ್ ಸೊರಗುತ್ತದೆ. ಇದು ನಾಲ್ಕರಿಂದ ಆರು ವಾರ ಚೆನ್ನಾಗಿರುತ್ತದೆ. ಪಾರ್ಟಿ ಮಾಡುವವರಿಗೆ ಇದೇ ದೊಡ್ಡ ಲಾಭ ಅನ್ನುತ್ತೇನೆ. ಕಳೆದ ಸಲ ನಾನು ಅರ್ಧರ್ಧ ಉಳಿದ ಮೂರು ಬಾಟಲಿ ಸಿಂಕಿಗೆ ಸುರಿದೆ. ದ್ರಾಕ್ಷಿ ಬೆಳೆದವರ ಬೆವರು, ಗಾಜು ಕರಗಿಸಿದ ಬೆಂಕಿ, ಸಾಗಿಸಿದ ಡೀಸೆಲ್ ಎಲ್ಲ ಒಟ್ಟಿಗೆ ಚರಂಡಿಗೆ.

ದೋಷವನ್ನೂ ಹೇಳಿಬಿಡುತ್ತೇನೆ. ಈ ಚೀಲ ಒಂದೇ ಪ್ಲಾಸ್ಟಿಕ್ ಅಲ್ಲ, ಬೇರೆ ಬೇರೆ ಪದರ ಅಂಟಿಸಿದ್ದು. ಮರುಬಳಕೆಗೆ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಬಹಳಷ್ಟು ಕಡೆ ಇದನ್ನು ತೆಗೆದುಕೊಳ್ಳುವುದಿಲ್ಲ, ಕಸಕ್ಕೇ ಹೋಗುತ್ತದೆ. ನಾನೊಮ್ಮೆ ಚೀಲ ಒಳಗಿದ್ದ ಹಾಗೇ ಡಬ್ಬವನ್ನು ರಟ್ಟಿನ ರಾಶಿಗೆ ಹಾಕಿದ್ದೆ. ಉಳಿದ ಎರಡು ಹನಿ ವೈನ್ ಸೋರಿ ಇಡೀ ರಟ್ಟು ಹಾಳಾಯಿತು. ಬೇರೆ ಮಾಡಿ ಹಾಕಿ. ಇಷ್ಟಾದರೂ ನಾನು ಡಬ್ಬವನ್ನೇ ಆರಿಸುತ್ತೇನೆ. ಎಸೆಯುವ ಆ ತೆಳು ಚೀಲ ಒಂದು ಮುಷ್ಟಿ. ಅದರಿಂದ ಉಳಿದದ್ದು ನಾಲ್ಕು ಬಾಟಲಿ ಗಾಜು.

ವರ್ಷಗಟ್ಟಲೆ ಇಟ್ಟು ಹಳತು ಮಾಡುವ ವೈನ್‌ಗೆ ಮಾತ್ರ ಇದು ಆಗುವುದಿಲ್ಲ, ನಿಧಾನಕ್ಕೆ ಗಾಳಿ ನುಸುಳುತ್ತದೆ. ಡಬ್ಬದ ಮೇಲಿನ ದಿನಾಂಕ ನೋಡಿ, ಹೊಸದನ್ನೇ ತನ್ನಿ. ಶನಿವಾರ ಸಂಜೆಗೆ ತಂದು ಶನಿವಾರವೇ ಕುಡಿಯುವವರಿಗೆ ಈ ಚಿಂತೆ ಯಾಕೆ, ಅಲ್ವಾ?

ಕಾಗದದ ಬಾಟಲಿಯೂ ಬಂದಿದೆ. 83 ಗ್ರಾಂ, ಹೊರಗೆ ರಟ್ಟು, ಒಳಗೆ ಅದೇ ಥರದ ಚೀಲ. ಕಂಡರೆ ಒಂದು ಸಲ ನೋಡಿ. ಇನ್ನು ಸ್ಟೀಲ್ ಪೀಪಾಯಿ, ಅದೇ ಕೆಗ್, ಎಲ್ಲಕ್ಕಿಂತ ಒಳ್ಳೆಯದು, ದಶಕಗಟ್ಟಲೆ ತುಂಬಿ ತುಂಬಿ ಬಳಸುತ್ತಾರೆ. ಆದರೆ 50 ಲೀಟರ್! ಹನ್ನೆರಡು ಜನಕ್ಕೆ ಅದನ್ನು ತಂದರೆ ಪರಿಸರ ಉಳಿಯಬಹುದು, ನಾವು ಉಳಿಯುವುದಿಲ್ಲ.

ಬಾಟಲಿಯೇ ಬೇಕು ಅನ್ನುವ ಸಂದರ್ಭ ಬಂದರೆ ನಾನು ಅಂಗಡಿಯಲ್ಲಿ ಎರಡು ಕೈಯಲ್ಲಿ ಎರಡು ಬಾಟಲಿ ಎತ್ತಿ ನೋಡುತ್ತೇನೆ. ಹಗುರ ಇದ್ದದ್ದು ಬುಟ್ಟಿಗೆ. ಜನ ನೋಡುತ್ತಾರೆ, ನೋಡಲಿ. ಬಿರಡೆ ನಿಜವಾದ ಕಾರ್ಕ್ ಆಗಿದ್ದರೆ ಇನ್ನೂ ಸಂತೋಷ. ಅದು ಮರದ ತೊಗಟೆ. ಮರ ಕಡಿಯುವುದಿಲ್ಲ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಪ್ರಪಂಚದ ಕಾರ್ಕಿನಲ್ಲಿ ಅರ್ಧದಷ್ಟು ಪೋರ್ಚುಗಲ್‌ನದು.

ಗ್ಲಾಸುಗಳ ಬಗ್ಗೆ ಎರಡೇ ಮಾತು. 'ಮಣ್ಣಲ್ಲಿ ಕರಗುತ್ತದೆ' ಅಂತ ಬರೆದಿರುವ ಪಾರದರ್ಶಕ ಕಪ್‌ಗಳನ್ನು ಹಿಂದೆ ನಾನು ತಂದು ಗೊಬ್ಬರದ ಗುಂಡಿಗೆ ಹಾಕಿದ್ದೆ. ಆರು ತಿಂಗಳಾದ ಮೇಲೆ ತೆಗೆದರೆ ಹಾಗೇ ನಗುತ್ತಿದ್ದವು. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಆ ಪ್ಲಾಸ್ಟಿಕ್ ಕರಗಬೇಕಾದರೆ ದೊಡ್ಡ ಘಟಕದ 60 ಡಿಗ್ರಿ ಶಾಖ ಬೇಕು. ಈಗ ಅಕ್ಕನ ಮನೆಯಿಂದ ಗ್ಲಾಸ್ ತರುತ್ತೇನೆ. ಗ್ಲಾಸಿನ ಕಾಲಿಗೆ ಬಣ್ಣದ ದಾರ ಕಟ್ಟುತ್ತೇನೆ, ಒಬ್ಬರಿಗೆ ಒಂದು ಬಣ್ಣ. ರಾತ್ರಿಯೆಲ್ಲ ಒಬ್ಬರಿಗೆ ಒಂದೇ ಗ್ಲಾಸ್, ತೊಳೆಯುವುದೂ ಹನ್ನೆರಡೇ.

ಇದು ಶನಿವಾರ ರಾತ್ರಿ. ಡಬ್ಬವನ್ನು ಮೇಜಿನ ಅಂಚಿಗೆ ಇಟ್ಟಿದ್ದೇನೆ, ನಲ್ಲಿ ಹೊರಗೆ ಬರುವ ಹಾಗೆ, ಗ್ಲಾಸ್ ಕೆಳಗೆ ಹಿಡಿಯಲು ಆಗಬೇಕಲ್ಲ. ಕೆಳಗೊಂದು ತಟ್ಟೆ, ಹನಿಗೆ. ಬಿಳಿ ವೈನ್ ಡಬ್ಬ ಹಿಂದಿನ ರಾತ್ರಿಯೇ ಫ್ರಿಜ್ ಸೇರಿತ್ತು, ಮೂರು ಲೀಟರ್ ತಣ್ಣಗಾಗಲು ಹೊತ್ತು ಬೇಕು. ಡಬ್ಬ ಬರಿದಾಯಿತು ಅನ್ನಿಸಿದಾಗ ಚೀಲ ಹೊರಗೆ ತೆಗೆದು ಹಿಂಡಿ, ಇನ್ನೂ ಒಂದು ಗ್ಲಾಸ್ ಸಿಗುತ್ತದೆ. ಹಿಂಡುತ್ತಿರುವ ಈ ಮಹಾನುಭಾವರು ತಮ್ಮ ಮುಖ ತೋರಿಸಬಾರದು ಅಂತ ನನ್ನಿಂದ ಆಣೆ ಇಡಿಸಿಕೊಂಡಿದ್ದಾರೆ.

ಭಾನುವಾರ ಬೆಳಿಗ್ಗೆ. ಅದೇ ಮೆಟ್ಟಿಲು, ಅದೇ ಅಕ್ಕ. ಕ್ಯಾನ್ ಇಪ್ಪತ್ನಾಲ್ಕು, ಡಬ್ಬ ಒಂದು, ಅದರ ಚೀಲ ಒಂದು, ನೊರೆ ವೈನ್ ಬಾಟಲಿ ಒಂದು, ರಟ್ಟು ಒಂದಷ್ಟು. ತಕ್ಕಡಿ ಹೇಳಿದ್ದು ಒಂದೂವರೆ ಕಿಲೋ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದೇ ಬಾಟಲಿಯದು. ಅಕ್ಕ ಒಂದೇ ಕೈಯಲ್ಲಿ ಚೀಲ ಹಿಡಿದು ಇಳಿದಳು, ಇನ್ನೊಂದು ಕೈಯಲ್ಲಿ ಫೋನ್.

ಬಿಳಿ ವೈನ್ ಡಬ್ಬದಲ್ಲಿ ಇನ್ನೂ ಅರ್ಧ ಇದೆ. ತೆರೆದ ದಿನಾಂಕವನ್ನು ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಫ್ರಿಜ್‌ಗೆ ಇಟ್ಟಿದ್ದೇನೆ. ಅಕ್ಕ ಅದರ ಕೆಳಗೆ ತನ್ನ ಹೆಸರು ಬರೆದು ಹೋಗಿದ್ದಾಳೆ.